ಗಾಂಜಾ ಸಿಕ್ಕಿತಾ ಎಂದು ಕೇಳುವವರು, ನಿದ್ದೆ ಬರುತ್ತದಾ ಎಂದೂ ಕೇಳಿ: ಬಾಗಲಕೋಟೆ ಜಿಲ್ಲಾಡಳಿತಕ್ಕೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಮತ್ತು ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ,

ಬನಹಟ್ಟಿಯಿಂದ ಒಬ್ಬ ಅಕ್ಕನ ನಮಸ್ಕಾರಗಳು.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮದು ನೇಕಾರರ ಮನೆ. ಅಪ್ಪ ಜೀವನಪೂರ್ತಿ ಕೂಲಿ ಮಗ್ಗ ನಡೆಸಿದರು. ಅವ್ವ ಇವತ್ತಿಗೂ ಕಂಡಿಕಿ ಸುತ್ತುತ್ತಾಳೆ. ನನ್ನ ತಮ್ಮನಿಗೆ ಈಗ 26 ವರ್ಷ. ಅವನಿಗೆ ಬೈಪೋಲಾರ್ ಕಾಯಿಲೆ ಇದೆ. ಅವನು ಗಾಂಜಾ ಸೇದುತ್ತಿದ್ದ. ಈ ಎರಡು ಮಾತನ್ನು ಒಂದೇ ಉಸಿರಿನಲ್ಲಿ ಹೇಳಲು ನಮ್ಮ ಮನೆಗೆ ಐದು ವರ್ಷ ಬೇಕಾಯಿತು. ಒಂದು ಕಡೆ ಹೋದರೆ ಗಾಂಜಾ ಬಗ್ಗೆ ಮಾತ್ರ ಕೇಳುತ್ತಿದ್ದರು, ಇನ್ನೊಂದು ಕಡೆ ಹೋದರೆ ತಲೆಯ ಬಗ್ಗೆ ಮಾತ್ರ. ಎರಡೂ ಇದ್ದದ್ದು ಒಬ್ಬನೇ ಹುಡುಗನಲ್ಲಿ.

ಈ ಪತ್ರವನ್ನು ಅವನಿಗೆ ಓದಿ ಹೇಳಿ, ಅವನು ಹೂಂ ಅಂದ ಮೇಲೆಯೇ ಹೊರಗೆ ಕೊಡುತ್ತಿದ್ದೇನೆ. ಎರಡು ಕಡೆ ಅವನು ತಿದ್ದಿಸಿದ್ದಾನೆ.

ಬೈಪೋಲಾರ್ ಎಂದರೆ ಏನು ಎಂದು ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳುತ್ತೇನೆ. ಇದರಲ್ಲಿ ಮನಸ್ಸಿಗೆ ಏರು ಮತ್ತು ಇಳಿ ಎಂಬ ಎರಡು ಕಾಲ ಬರುತ್ತವೆ. ಏರಿನ ಕಾಲದಲ್ಲಿ ಮನುಷ್ಯನಿಗೆ ನಿದ್ದೆ ಬೇಡ, ಮಾತು ನಿಲ್ಲುವುದಿಲ್ಲ, ಕೈಯಲ್ಲಿ ದುಡ್ಡು ನಿಲ್ಲುವುದಿಲ್ಲ, ತಾನು ಏನು ಬೇಕಾದರೂ ಮಾಡಬಲ್ಲೆ ಅನಿಸುತ್ತದೆ. ಇಳಿಗಾಲದಲ್ಲಿ ಹಾಸಿಗೆಯಿಂದ ಏಳುವುದೇ ಬೆಟ್ಟ ಹತ್ತಿದ ಹಾಗೆ. ನಡುನಡುವೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಎಲ್ಲರಂತೆಯೇ ಇರುತ್ತಾರೆ. ಹಾಗಾಗಿಯೇ ಮನೆಯವರು ಮೋಸ ಹೋಗುತ್ತಾರೆ. ಚೆನ್ನಾಗಿಯೇ ಇದ್ದಾನಲ್ಲ, ಇನ್ನು ಗುಳಿಗೆ ಯಾಕೆ ಅಂದುಕೊಳ್ಳುತ್ತಾರೆ. ನಾವೂ ಹಾಗೇ ಅಂದುಕೊಂಡಿದ್ದೆವು.

ಮೊದಲ ಏರು ಬಂದಾಗ ತಮ್ಮನಿಗೆ 21 ವರ್ಷ. ಕಾಡಸಿದ್ಧೇಶ್ವರ ಜಾತ್ರೆ ಮುಗಿದಿತ್ತು. ರಾತ್ರಿ ಪಾಳಿ ಮುಗಿಸಿ ಬಂದವನು ಮಲಗಲೇ ಇಲ್ಲ. ಮರುದಿನವೂ ಇಲ್ಲ. "ಸಾವುಕಾರರ ಕೈಯಾಗ ದುಡದದ್ದು ಸಾಕಕ್ಕಾ, ನಾನ ಇಪ್ಪತ್ತು ಮಗ್ಗ ಹಾಕತೀನಿ" ಅಂದ. ನಮಗೆ ಖುಷಿಯೇ ಆಯಿತು, ಹುಡುಗ ಚುರುಕಾದ ಅಂತ. ನಾಲ್ಕನೇ ದಿನ ಅವ್ವನ ಬೋರಮಾಳ ಒತ್ತೆ ಇಟ್ಟು ಇಚಲಕರಂಜಿಗೆ ಹೋಗಿ, ಹಳೆಯ ಮಗ್ಗಗಳಿಗೆ ಮುಂಗಡ ಕೊಟ್ಟು ಬಂದ. ಆರನೇ ರಾತ್ರಿ ಎರಡು ಗಂಟೆಗೆ ರಸ್ತೆಯಲ್ಲಿ ನಿಂತು ಹೋಗುವ ಲಾರಿಗಳನ್ನು ನಿಲ್ಲಿಸಿ ಸೀರೆ ಹಂಚುತ್ತಿದ್ದ. ಗಸ್ತಿನಲ್ಲಿದ್ದ ಇಬ್ಬರು ಪೊಲೀಸರು ಅವನನ್ನು ಮನೆಗೆ ಕರೆತಂದರು. ಅವರಲ್ಲಿ ವಯಸ್ಸಾದ ಹವಾಲ್ದಾರರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ ಮಾತು ಇನ್ನೂ ನೆನಪಿದೆ. "ತಂಗೀ, ಬಾಯಾಗ ವಾಸನಿ ಇಲ್ಲ. ಇವ ಕುಡದಿಲ್ಲ. ಕಣ್ಣ ನೋಡಿದರ ನಿದ್ದಿ ಮಾಡಿ ಭಾಳ ದಿನ ಆದಂಗ ಕಾಣತೈತಿ. ದವಾಖಾನಿಗೆ ಕರಕೊಂಡು ಹೋಗ್ರಿ."

ಆ ಐದು ವರ್ಷಗಳಲ್ಲಿ ನಿದ್ದೆಯ ಮಾತನ್ನು ಮೊದಲು ಎತ್ತಿದವರು ಆ ಹವಾಲ್ದಾರರು. ಅವರ ಹೆಸರೂ ನನಗೆ ಗೊತ್ತಿಲ್ಲ. ಅವರಿಗೆ ಈ ಪತ್ರದ ಮೂಲಕ ಕೈ ಮುಗಿಯುತ್ತೇನೆ.

ನಾವು ಅವರ ಮಾತು ಕೇಳಿದ್ದರೆ ಚೆನ್ನಾಗಿತ್ತು. ಓಣಿಯವರು ಗಾಳಿ ಸೋಂಕು ಅಂದರು. ಮೂರು ದಿನ ಗುಡಿಯಲ್ಲಿ ಕಳೆದೆವು. ಆಮೇಲೆ ದೊಡ್ಡ ಊರಿನ ಒಬ್ಬ ವೈದ್ಯರ ಬಳಿ ಹೋದೆವು. ಅವರು ಮೂತ್ರ ಪರೀಕ್ಷೆ ಮಾಡಿಸಿದರು, ಗಾಂಜಾ ಇದೆ ಅಂತ ಬಂತು. "ಇದು ಗಾಂಜಾ ಕೆಲಸ. ಬಿಡಿಸಿ, ಸರಿ ಹೋಗುತ್ತಾನೆ" ಅಂದರು. ಗಾಂಜಾ ಅನ್ನುವ ಶಬ್ದ ಬಂದ ಮೇಲೆ ಬೇರೆ ಯಾವ ಪ್ರಶ್ನೆಯೂ ಬರಲಿಲ್ಲ. ಮನೆತನದಲ್ಲಿ ಯಾರಿಗಾದರೂ ಹೀಗಾಗಿತ್ತಾ ಎಂದು ಕೇಳಿದ್ದರೆ, ನಮ್ಮ ಚಿಕ್ಕಪ್ಪನ ಕತೆ ಹೇಳುತ್ತಿದ್ದೆವು. ಅವರು ವರ್ಷದಲ್ಲಿ ಎರಡು ತಿಂಗಳು ಊರೂರು ತಿರುಗಿ, ಉಳಿದ ದಿನ ಮೂಲೆಯಲ್ಲಿ ಕುಳಿತಿರುತ್ತಿದ್ದರು.

ತಮ್ಮ ಬಿಟ್ಟ. ಹತ್ತು ತಿಂಗಳು ಮುಟ್ಟಲಿಲ್ಲ. ಅದರಲ್ಲಿ ನಾಲ್ಕು ತಿಂಗಳು ಗೋಡೆಯ ಕಡೆ ಮುಖ ಮಾಡಿ ಮಲಗಿದ. ನಾವು ಸೋಮಾರಿ ಎಂದು ಬೈದೆವು. ಬೈದದ್ದು ನಾನೇ ಜಾಸ್ತಿ. ಹತ್ತನೇ ತಿಂಗಳಲ್ಲಿ, ಒಂದು ಎಳೆ ಸೊಪ್ಪೂ ಇಲ್ಲದೆ, ಮತ್ತೆ ಏರು ಬಂತು. ಆಗ ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆಯಾದ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋದೆವು. ಅಲ್ಲಿ ಒಬ್ಬ ವೈದ್ಯೆ ಹಾಳೆಯ ಮೇಲೆ ಏರುವ ಇಳಿಯುವ ಗೆರೆ ಎಳೆದು ಕಾಯಿಲೆಯ ಹೆಸರು ಹೇಳಿದರು. "ಗಾಂಜಾ ಇರಲಿ, ಇಲ್ಲದಿರಲಿ, ಈ ಕಾಯಿಲೆ ಇವನಿಗೆ ಇದೆ. ಆದರೆ ಗಾಂಜಾ ಇದ್ದರೆ ಇದು ಬೇಗ ಬರುತ್ತದೆ, ಜೋರಾಗಿ ಬರುತ್ತದೆ" ಎಂದರು. ಲಿಥಿಯಂ ಎಂಬ ಔಷಧ ಶುರುವಾಯಿತು. ಒಂದು ವರ್ಷ ನನ್ನ ತಮ್ಮ ನನಗೆ ವಾಪಸ್ ಸಿಕ್ಕ.

ಮತ್ತೆ ರಾತ್ರಿ ಪಾಳಿಗೆ ಹೋದ, ಮತ್ತೆ ಗೆಳೆಯರು, ಮತ್ತೆ ಚಿಲುಮೆ. ಎರಡು ವಾರ ಸಾಕಾಯಿತು. ಈ ಸಲ ಗಾಬರಿಯಲ್ಲಿ ಜಿಲ್ಲೆಯ ಹೊರಗಿನ ಒಂದು ಖಾಸಗಿ ನಶಾಮುಕ್ತಿ ಕೇಂದ್ರಕ್ಕೆ ಸೇರಿಸಿದೆವು. ಅಲ್ಲಿ ಅವನ ಚೀಲದಿಂದ ಲಿಥಿಯಂ ಗುಳಿಗೆಗಳನ್ನು ತೆಗೆದಿಟ್ಟರು. "ಇಲ್ಲಿ ಯಾವ ಗುಳಿಗೆಗೂ ಜಾಗ ಇಲ್ಲ, ಅದೂ ಒಂದು ನಶೆಯೇ" ಎಂದರಂತೆ. ಲಿಥಿಯಂ ಅನ್ನು ಒಮ್ಮೆಲೇ ನಿಲ್ಲಿಸಿದರೆ ಕಾಯಿಲೆ ಬೇಗ ಮರುಕಳಿಸುತ್ತದೆ, ಜೀವಕ್ಕೂ ಅಪಾಯ. ಹನ್ನೆರಡನೇ ದಿನ ಅವರು ಫೋನ್ ಮಾಡಿ, "ನಿಮ್ಮ ಹುಡುಗನನ್ನು ಕಟ್ಟಿ ಹಾಕಿದ್ದೇವೆ, ಬಂದು ಕರೆದುಕೊಂಡು ಹೋಗಿ" ಅಂದರು. ಅವನ ಮುಂಗೈ ಮೇಲೆ ಹಗ್ಗದ ಗುರುತು ಇನ್ನೂ ಇದೆ. ಇದನ್ನು ಬರೆಯಬೇಡ ಅಂದಿದ್ದ. ಆಮೇಲೆ ತಾನೇ, "ಬರಿ" ಅಂದ.

ಈಗ ನಾನು ಓದಿ ತಿಳಿದದ್ದನ್ನು ಹೇಳುತ್ತೇನೆ. ಗಾಂಜಾ ಸೇದಿದವರಿಗೆಲ್ಲ ಬೈಪೋಲಾರ್ ಬರುವುದಿಲ್ಲ. ಬೈಪೋಲಾರ್ ಇರುವವರೆಲ್ಲ ಗಾಂಜಾ ಸೇದುವುದಿಲ್ಲ. ಇದನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡಬೇಕು. ಇಲ್ಲದಿದ್ದರೆ ಕಾಯಿಲೆ ಇರುವ ಪ್ರತಿಯೊಬ್ಬ ಹುಡುಗನನ್ನೂ ಜನ ಗಾಂಜಾ ಗಿರಾಕಿ ಅಂದುಬಿಡುತ್ತಾರೆ. ಆದರೆ ಎರಡಕ್ಕೂ ನಂಟು ಇದೆ, ಅದು ಸಣ್ಣದೇನಲ್ಲ. 2015ರಲ್ಲಿ ಬ್ರಿಟನ್ನಿನ ಸಂಶೋಧಕರು ಅದುವರೆಗೆ ನಡೆದ ಆರು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಬೈಪೋಲಾರ್ ಇರುವವರಲ್ಲಿ ಗಾಂಜಾ ಏರಿನ ಲಕ್ಷಣಗಳನ್ನು ಹೆಚ್ಚಿಸುತ್ತದೆ ಎಂದು ಕಂಡಿತು. ಕಾಯಿಲೆ ಇಲ್ಲದವರಲ್ಲೂ, ಸೇದುವವರಿಗೆ ಹೊಸದಾಗಿ ಏರಿನ ಲಕ್ಷಣ ಕಾಣಿಸಿಕೊಳ್ಳುವ ಸಂಭವ ಸುಮಾರು ಮೂರು ಪಟ್ಟು ಇತ್ತು. ಡೆನ್ಮಾರ್ಕ್‌ನಲ್ಲಿ 66 ಲಕ್ಷಕ್ಕೂ ಹೆಚ್ಚು ಜನರ ಆರೋಗ್ಯ ದಾಖಲೆ ನೋಡಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ದಿಕ್ಕು. ಗಾಂಜಾ ಚಟಕ್ಕೆ ಬಿದ್ದವರಲ್ಲಿ ಬೈಪೋಲಾರ್ ಸಂಭವ ಎರಡೂವರೆಯಿಂದ ಮೂರು ಪಟ್ಟು. ಮತಿಭ್ರಮೆಯೂ ಜೊತೆಗಿರುವ ಬೈಪೋಲಾರ್ ಆದರೆ ನಾಲ್ಕು ಪಟ್ಟು.

ಗಾಂಜಾ ಒಂದೇ ಕಾರಣ ಎಂದು ಈ ಲೆಕ್ಕಗಳಿಂದ ಹೇಳಲು ಬರುವುದಿಲ್ಲ. ರಕ್ತಸಂಬಂಧದಲ್ಲಿ ಬರುವ ಒಲವು ಇರಬಹುದು, ಏರಿನ ಕಾಲದಲ್ಲಿ ಜನ ತಾವಾಗಿಯೇ ಜಾಸ್ತಿ ಸೇದಬಹುದು. ನನ್ನ ತಮ್ಮನ ವಿಷಯದಲ್ಲಿ ಎಲ್ಲವೂ ಸೇರಿತ್ತು ಎಂದು ನನಗೆ ಅನಿಸುತ್ತದೆ. ಚಿಕ್ಕಪ್ಪನ ರಕ್ತ, ರಾತ್ರಿ ಪಾಳಿ, ಅದರ ಮೇಲೆ ಚಿಲುಮೆ. ನಿದ್ದೆ ಕೆಡುವುದೇ ಬೈಪೋಲಾರ್‌ನಲ್ಲಿ ಏರನ್ನು ಎಬ್ಬಿಸುವ ದೊಡ್ಡ ಕಾರಣಗಳಲ್ಲಿ ಒಂದು. ರಬಕವಿ ಬನಹಟ್ಟಿಯಲ್ಲಿ ಎಷ್ಟು ಹುಡುಗರು ರಾತ್ರಿಯಿಡೀ ಮಗ್ಗದ ಮುಂದೆ ನಿಲ್ಲುತ್ತಾರೆ ಎಂಬುದು ತಮಗೆ ಗೊತ್ತೇ ಇದೆ.

ಯಾಕೆ ಸೇದಿದೆ ಎಂದು ನಾನು ಅವನನ್ನು ಬೈಯದೆ ಕೇಳಿದ್ದು ಹೋದ ವರ್ಷ. ಅದುವರೆಗೆ ಕೇಳಿದ್ದೆಲ್ಲ ಬೈಗುಳವೇ. ಅವನು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ, ಇದು ಅವನು ಸೇರಿಸು ಎಂದ ಮಾತು. "ಮೋಜಿಗೆ ಸೇದಲಿಲ್ಲಕ್ಕಾ. ಪಾಳಿ ಮುಗಿಸಿ ಬಂದು ಮಲಗಿದರ ಮಗ್ಗದ ಸಪ್ಪಳ ಕಿವಿಯೊಳಗ ಹಂಗ ಇರತಿತ್ತು. ಸೇದಿದರ ಅದು ದೂರ ಹೋಗತಿತ್ತು. ಮೊದಲ ನಿದ್ದಿಗಂತ ಸೇದಿದೆ. ಆಮ್ಯಾಲ ತಲಿ ಏರಿದಾಗ ಇನ್ನೂ ಏರಲಿ ಅಂತ ಸೇದಿದೆ."

ಈ ಕೊನೆಯ ಮಾತು ಕೇಳಿದಾಗ ನಾನು ಓದಿದ್ದ ಇನ್ನೊಂದು ಅಧ್ಯಯನ ನೆನಪಾಯಿತು. ಅದೂ ಬ್ರಿಟನ್ನಿನದೇ, 2015ರದು. ಬೈಪೋಲಾರ್ ಇದ್ದು ಗಾಂಜಾ ಸೇದುವ 24 ಜನರನ್ನು ಆರು ದಿನ, ದಿನಕ್ಕೆ ಹಲವು ಸಲ, ಈಗ ಮನಸ್ಸು ಹೇಗಿದೆ ಎಂದು ಕೇಳುತ್ತಾ ಹೋದರು. ಬೇಜಾರಾದಾಗ ಸೇದುತ್ತಾರೆ ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ ಅಲ್ವಾ? ಅಲ್ಲಿ ಕಂಡದ್ದು ಬೇರೆ. ಮನಸ್ಸು ಉಲ್ಲಾಸದಲ್ಲಿ ಇದ್ದಾಗಲೇ ಸೇದುವ ಸಂಭವ ಹೆಚ್ಚಿತ್ತು. ಸೇದಿದ ಮೇಲೆ ಉಲ್ಲಾಸವೂ ಹೆಚ್ಚಿತು, ಏರಿನ ಲಕ್ಷಣವೂ ಹೆಚ್ಚಿತು, ಖಿನ್ನತೆಯ ಲಕ್ಷಣವೂ ಹೆಚ್ಚಿತು. ಬರೀ 24 ಜನರ ಲೆಕ್ಕ, ದೊಡ್ಡದೇನಲ್ಲ. ಆದರೂ ನಮ್ಮ ಮನೆಯಲ್ಲಿ ನಡೆದದ್ದನ್ನು ಯಾರೋ ದೂರದಿಂದ ನೋಡಿ ಬರೆದ ಹಾಗಿತ್ತು.

ಇನ್ನೊಂದು ಮಾತನ್ನು ಹೇಳಲೇಬೇಕು. ನಮ್ಮ ಭಾಗದಲ್ಲಿ ಗಾಂಜಾ ಬರೀ ಗಲ್ಲಿಯ ಮೂಲೆಯ ಮಾಲಲ್ಲ. ಆರೂಢ, ಅವಧೂತ ಪರಂಪರೆಯ ಕೆಲವು ಜಾಗಗಳಲ್ಲಿ ಅದಕ್ಕೆ ಪ್ರಸಾದದ ಗೌರವ ಇದೆ. ನಮ್ಮ ಅಜ್ಜ ಕೂಡ ಅಮಾವಾಸ್ಯೆಗೆ ಭಜನೆಗೆ ಹೋದಾಗ ಚಿಲುಮೆ ಹಿಡಿದವರೇ. ಅವರಿಗೆ ಏನೂ ಆಗಲಿಲ್ಲ. ಹಾಗಾಗಿ ತಮ್ಮನಿಗೆ ಬೇಡ ಎಂದು ಹೇಳಿದಾಗ ಅವನು ಅಜ್ಜನ ಹೆಸರು ತೆಗೆಯುತ್ತಿದ್ದ. ಆ ಹಿರಿಯರ ನಂಬಿಕೆಯನ್ನು ನಾನು ಹಳಿಯುವುದಿಲ್ಲ. ಆದರೆ ಆ ಜಾಗಗಳ ಹಿರಿಯರಲ್ಲಿ ಒಂದು ಬೇಡಿಕೆ ಇದೆ. ಎಳೆಯ ಹುಡುಗರ ಕೈಗೆ ಕೊಡಬೇಡಿ. ಮಿದುಳು ಸುಮಾರು 25ರ ವಯಸ್ಸಿನವರೆಗೂ ಬೆಳೆಯುತ್ತಲೇ ಇರುತ್ತದೆ. ಬೈಪೋಲಾರ್ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದೂ ಹರೆಯದ ಕೊನೆಯಿಂದ ಇಪ್ಪತ್ತೈದರ ಆಸುಪಾಸಿನಲ್ಲೇ. ಕುಟುಂಬದಲ್ಲಿ ಈ ಕಾಯಿಲೆ ಇರುವ ಹುಡುಗನಿಗೆ ಅಜ್ಜನಿಗೆ ಆಗದ್ದು ಆಗಬಹುದು. ಗಾಂಜಾ ಗಿಡದ ಎಲೆ ಅರೆದ ಭಂಗಿ ಕುಡಿದರೂ ಅಷ್ಟೇ. ಕಾನೂನಿನಲ್ಲಿ ಬರೀ ಎಲೆ ಗಾಂಜಾದ ವ್ಯಾಖ್ಯೆಯೊಳಗೆ ಬರುವುದಿಲ್ಲ. ಆದರೆ ಮತ್ತು ತರುವ ಟಿಎಚ್‌ಸಿ ಎಲೆಯಲ್ಲೂ ಇದೆ.

ಮಾನ್ಯ ವರಿಷ್ಠಾಧಿಕಾರಿಗಳೇ, ಕಬ್ಬಿನ ಹೊಲದ ನಡುವೆ ಬೆಳೆದ ಗಾಂಜಾ ಗಿಡ ಕಿತ್ತು ರಾಶಿ ಹಾಕಿದ ಫೋಟೋ ಪತ್ರಿಕೆಯಲ್ಲಿ ಬಂದಾಗ ನನಗೆ ಸಮಾಧಾನವೇ ಆಗುತ್ತದೆ. ಮಾರುವವರ ಮೇಲೆ ಬಿಗಿ ಇರಲಿ. ನಾನು ಕೇಳುವುದು ಸೇದಿ ಸಿಕ್ಕಿಬೀಳುವ ಹುಡುಗರ ಬಗ್ಗೆ. ಮಾದಕ ವಸ್ತುಗಳ ಬಗೆಗಿನ 1985ರ ಎನ್‌ಡಿಪಿಎಸ್ ಕಾಯ್ದೆಯ 27ನೇ ಕಲಂ ಪ್ರಕಾರ ಗಾಂಜಾ ಸೇವನೆಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅದೇ ಕಾಯ್ದೆಯಲ್ಲಿ 64ಎ ಎಂಬ ಕಲಂ ಕೂಡ ಇದೆ. ಚಟಕ್ಕೆ ಬಿದ್ದವನು ಸೇವನೆ ಅಥವಾ ಸಣ್ಣ ಪ್ರಮಾಣದ ಪ್ರಕರಣದಲ್ಲಿ ಸಿಕ್ಕಿ, ತಾನಾಗಿಯೇ ಸರ್ಕಾರಿ ಅಥವಾ ಸರ್ಕಾರ ಒಪ್ಪಿದ ಕೇಂದ್ರದಲ್ಲಿ ಚಿಕಿತ್ಸೆಗೆ ಒಪ್ಪಿದರೆ, ಅವನ ಮೇಲೆ ಮೊಕದ್ದಮೆ ನಡೆಯದಂತೆ ಅದು ಕಾಯುತ್ತದೆ. ಚಿಕಿತ್ಸೆ ಪೂರ್ತಿ ಮಾಡಬೇಕು, ಅಷ್ಟೇ. ಇದು ಎಷ್ಟು ಅಪ್ಪ ಅಮ್ಮಂದಿರಿಗೆ ಗೊತ್ತು? ನನಗೆ ಗೊತ್ತಿರಲಿಲ್ಲ. ಪ್ರತಿ ಠಾಣೆಯ ಗೋಡೆ ಮೇಲೆ ಇದನ್ನು ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆಸಿ.

ಮತ್ತೆ, ಹುಡುಗನನ್ನು ಮೂತ್ರ ಪರೀಕ್ಷೆಗೆ ಕಳಿಸುವಾಗ ಮನೆಯವರನ್ನು ಕೂರಿಸಿ ಕೆಲವು ಪ್ರಶ್ನೆ ಕೇಳಿಸಿ. ಎಷ್ಟು ದಿನದಿಂದ ನಿದ್ದೆ ಮಾಡಿಲ್ಲ? ದುಡ್ಡು ಮನಬಂದಂತೆ ಖರ್ಚು ಮಾಡುತ್ತಿದ್ದಾನಾ? ಮೊದಲು ತಿಂಗಳುಗಟ್ಟಲೆ ಮಂಕಾಗಿ ಮಲಗಿದ್ದು ಇದೆಯಾ? ಮನೆತನದಲ್ಲಿ ಯಾರಿಗಾದರೂ ಹೀಗಾಗಿತ್ತಾ? ಎರಡಕ್ಕೆ ಹೌದು ಅಂದರೂ ಮನೋವೈದ್ಯರ ಬಳಿ ಕಳಿಸಿ. ಐದು ನಿಮಿಷದ ಕೆಲಸ. ಒಬ್ಬ ಹವಾಲ್ದಾರರು ರಸ್ತೆಯ ಮೇಲೆ ಬ್ಯಾಟರಿ ಬೆಳಕಿನಲ್ಲಿ ಮಾಡಿದ ಕೆಲಸ.

ಮಾನ್ಯ ಆರೋಗ್ಯಾಧಿಕಾರಿಗಳೇ, ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ನಮ್ಮಂಥವರಿಗೆ ದೇವರು ಕೊಟ್ಟ ವರ. ಧಾರವಾಡಕ್ಕೆ ಹೋಗಿ ಬರುವುದೆಂದರೆ ಎರಡು ದಿನದ ಕೂಲಿ ಹೋಯಿತು. ಮಿರಜಕ್ಕೆ ಹೋದರೆ ಖಾಸಗಿ ಖರ್ಚು. ಹಾಗಾಗಿ ತಾಲ್ಲೂಕಿಗೇ ಮನೋವೈದ್ಯರು ಬರುವುದು ದೊಡ್ಡ ಮಾತು. ಆ ಕ್ಲಿನಿಕ್‌ನಲ್ಲಿ ಬರುವ ಪ್ರತಿ ಯುವಕನಿಗೂ, ಯುವತಿಗೂ, ಗಾಂಜಾ ಬಗ್ಗೆ ಕೇಳುವುದು ಕಡ್ಡಾಯವಾಗಲಿ. ಹೆದರಿಸಿ ಕೇಳಬಾರದು. ಹೇಳಿದರೆ ಪೊಲೀಸರಿಗೆ ಹೋಗುತ್ತದೆ ಎಂಬ ಭಯ ಎಲ್ಲರಿಗೂ ಇದೆ. ಈ ಮಾತು ಚೀಟಿಯಿಂದ ಹೊರಗೆ ಹೋಗುವುದಿಲ್ಲ ಎಂದು ಮೊದಲು ಹೇಳಿ, ಆಮೇಲೆ ಕೇಳಲಿ. ಅಪ್ಪನನ್ನು ಹೊರಗೆ ಕೂರಿಸಿ ಕೇಳಲಿ. ನನ್ನ ತಮ್ಮ ಅಪ್ಪನ ಎದುರು ನಾಲ್ಕು ಸಲ ಸುಳ್ಳು ಹೇಳಿದ್ದಾನೆ. ಸೇದುವುದನ್ನು ವೈದ್ಯರಿಗೆ ಮುಚ್ಚಿಟ್ಟರೆ ಗುಳಿಗೆಯ ಲೆಕ್ಕವೂ ತಪ್ಪುತ್ತದೆ. ಚಿಲುಮೆಗೆ ಸೇರಿಸುವ ತಂಬಾಕಿನ ಹೊಗೆಯಿಂದ, ಏರನ್ನು ಇಳಿಸಲು ಕೊಡುವ ಓಲಾಂಜಪಿನ್‌ನಂಥ ಔಷಧ ರಕ್ತದಲ್ಲಿ ಬೇಗ ಕಡಿಮೆಯಾಗುತ್ತದೆ. ಗುಳಿಗೆ ಕೆಲಸ ಮಾಡುತ್ತಿಲ್ಲ ಎಂದು ಮನೆಯವರು ಅಂದುಕೊಳ್ಳುತ್ತಾರೆ.

ಲಿಥಿಯಂ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ವೈದ್ಯರು ಏರಿನ ಕಾಯಿಲೆಗೆ ಇದು ಕೆಲಸ ಮಾಡುತ್ತದೆ ಎಂದು ಮೊದಲು ಬರೆದರು. ಇವತ್ತಿಗೂ ಅದರಷ್ಟು ನಂಬಿಕೆಯ ಔಷಧ ಕಡಿಮೆ. ನಮ್ಮ ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲೂ ಇದೆ. ಬೆಲೆಯೂ ಜಾಸ್ತಿ ಇಲ್ಲ. ಆದರೆ ರಕ್ತದಲ್ಲಿ ಅದರ ಮಟ್ಟ ನೋಡುತ್ತಿರಬೇಕು. ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಆಸುಪಾಸಿನಲ್ಲಿ ಇಡುತ್ತಾರೆ, 1.5 ದಾಟಿದರೆ ವಿಷ. ನಮ್ಮ ಕಡೆ ಏಪ್ರಿಲ್, ಮೇ ಬಿಸಿಲು ಹೇಗಿರುತ್ತದೆ ಎಂದು ನಾನು ಹೇಳಬೇಕಿಲ್ಲ. ತಗಡಿನ ಶೆಡ್ಡಿನಲ್ಲಿ ಮಗ್ಗ ನಡೆಸುವವನು ಬೆವರಿ ಬೆವರಿ ನೀರು ಕಡಿಮೆ ಕುಡಿದರೆ ಮಟ್ಟ ಏರುತ್ತದೆ. ಸೊಂಟ ನೋವೆಂದು ಡೈಕ್ಲೋಫೆನಾಕ್‌ನಂಥ ಗುಳಿಗೆ ನುಂಗಿದರೂ ಏರುತ್ತದೆ. ಕೈ ನಡುಗುವುದು, ವಾಂತಿ, ಭೇದಿ, ತೂರಾಡುವುದು ಕಂಡರೆ ತಕ್ಷಣ ದವಾಖಾನೆಗೆ ಹೋಗಬೇಕು. ತೂರಾಡುತ್ತಿದ್ದ ನನ್ನ ತಮ್ಮನನ್ನು ನೋಡಿ ನಾವೇ ಒಮ್ಮೆ "ಮತ್ತೆ ಸೇದಿ ಬಂದ" ಅಂದುಕೊಂಡು ಒಂದು ದಿನ ಕಳೆದೆವು. ಆಮೇಲೆ ರಕ್ತ ಕೊಟ್ಟರೆ, ಫಲಿತಾಂಶ ಹೊರ ಊರಿನಿಂದ ಬರಲು ಮೂರು ದಿನ. ಈ ಒಂದು ಪರೀಕ್ಷೆ ಜಿಲ್ಲೆಯ ಪ್ರತಿ ತಾಲ್ಲೂಕಿನಲ್ಲೂ ಅದೇ ದಿನ ಸಿಗುವಂತೆ ಮಾಡಿ. ಬೇಡಿಕೆಗಳಲ್ಲಿ ಒಂದೇ ಒಂದನ್ನು ಆರಿಸಿಕೊಳ್ಳುತ್ತೀರಿ ಎಂದಾದರೆ, ಇದನ್ನೇ ಆರಿಸಿಕೊಳ್ಳಿ.

ಮಾನ್ಯ ಜಿಲ್ಲಾಧಿಕಾರಿಗಳೇ, ನಮ್ಮ ಜಿಲ್ಲೆಯೊಳಗಿನ ನಶಾಮುಕ್ತಿ ಕೇಂದ್ರಗಳನ್ನು ಒಮ್ಮೆ ಒಳಗೆ ಹೋಗಿ ನೋಡಿಸಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಮದ್ಯ ಮತ್ತು ಮಾದಕ ವಸ್ತುಗಳಿಂದ ಆಗುವ ಮಾನಸಿಕ ಸ್ಥಿತಿಗಳೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೇ ಬರುತ್ತವೆ. ಅಂದ ಮೇಲೆ ಹಗ್ಗ ಹಾಕಿ ಕಟ್ಟುವಂತಿಲ್ಲ, ಮನೋವೈದ್ಯರು ಬರೆದ ಔಷಧ ಕಿತ್ತುಕೊಳ್ಳುವಂತಿಲ್ಲ. ಯಾವ ಕೇಂದ್ರಕ್ಕೆ ನೋಂದಣಿ ಇದೆ, ಎಲ್ಲಿಗೆ ಮನೋವೈದ್ಯರು ಬರುತ್ತಾರೆ ಎಂಬ ಪಟ್ಟಿಯನ್ನು ತಾಲ್ಲೂಕು ಕಚೇರಿಯಲ್ಲಿ ಹಾಕಿಸಿದರೂ ಸಾಕು. ಗಾಬರಿಯಲ್ಲಿ ಇರುವ ಮನೆಯವರು ಫೋನಿನಲ್ಲಿ ಮೊದಲು ಸಿಕ್ಕ ನಂಬರಿಗೆ ಕರೆ ಮಾಡುತ್ತಾರೆ. ನಾವು ಮಾಡಿದ್ದೂ ಅದನ್ನೇ.

ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಬೈಪೋಲಾರ್ ಇರುವ 100 ಜನರಲ್ಲಿ ಸುಮಾರು 70 ಜನ ಚಿಕಿತ್ಸೆಯ ಹೊರಗೇ ಇದ್ದರು. 2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಮಾದಕ ವಸ್ತು ಸಮೀಕ್ಷೆಯಲ್ಲಿ ಗಾಂಜಾ, ಚರಸ್, ಭಂಗಿ ಬಳಸುವವರು ದೇಶದಲ್ಲಿ 3.1 ಕೋಟಿ. ಈ ಎರಡು ಗುಂಪಿನಲ್ಲೂ ಇರುವ ಹುಡುಗರು ನಮ್ಮ ಜಮಖಂಡಿ, ಮುಧೋಳ, ಇಳಕಲ್, ಗುಳೇದಗುಡ್ಡದಲ್ಲಿ ಇದ್ದೇ ಇರುತ್ತಾರೆ. ಅವರ ಅವ್ವಂದಿರು ಈಗ ಯಾವುದೋ ಗುಡಿಯಲ್ಲಿ ಕುಳಿತಿರಬಹುದು.

ಅವರಿಗೂ ಇಲ್ಲೇ ಒಂದು ಮಾತು. 14416 ಎಂಬ ಟೆಲಿ ಮಾನಸ್ ನಂಬರ್, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ. ನಶೆ ಬಿಡಿಸುವ ಬಗ್ಗೆ ಕೇಳಲು 14446 ಇದೆ. ಗುಳಿಗೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಹುಡುಗ ಒಂದು ಸಲ ಮತ್ತೆ ಸೇದಿದ ಎಂದು ಔಷಧ ಬಿಡಿಸಬೇಡಿ. ಸೇದಿದ ದಿನವೂ ಗುಳಿಗೆ ಬಿಡಬಾರದು, ವೈದ್ಯರಿಗೆ ಹೇಳಬೇಕು, ಅಷ್ಟೇ.

ಜೂನ್ 26ಕ್ಕೆ ಪ್ರತಿ ವರ್ಷ ನಮ್ಮ ಶಾಲೆಯಲ್ಲಿ ಮಾದಕ ವಸ್ತು ವಿರೋಧಿ ದಿನ ಮಾಡುತ್ತೇವೆ. ಮಕ್ಕಳ ಕೈಗೆ ತಲೆಬುರುಡೆ ಚಿತ್ರದ ಫಲಕ ಕೊಟ್ಟು ಮೆರವಣಿಗೆ ಹೊರಡಿಸುತ್ತೇವೆ. ಮೆರವಣಿಗೆಯಲ್ಲಿ ನಡೆಯುವ ಮಗುವಿಗೆ ತನ್ನ ಅಣ್ಣ ಮೂರು ದಿನದಿಂದ ಮಲಗಿಲ್ಲ ಎಂಬುದು ಗೊತ್ತಿರುತ್ತದೆ. ಅದನ್ನು ಯಾರಿಗೆ ಹೇಳಬೇಕು ಎಂಬುದು ಗೊತ್ತಿರುವುದಿಲ್ಲ. ಈ ವರ್ಷ ತಾವು ಒಬ್ಬ ಮನೋವೈದ್ಯರನ್ನು ಕಳಿಸಿಕೊಟ್ಟರೆ, ಮೆರವಣಿಗೆ ಬಿಟ್ಟು ಆ ಒಂದು ಗಂಟೆ ಮಕ್ಕಳು ಪ್ರಶ್ನೆ ಕೇಳುವಂತೆ ಮಾಡಲು ನಮ್ಮ ಮುಖ್ಯ ಶಿಕ್ಷಕರನ್ನು ಒಪ್ಪಿಸುವ ಹೊಣೆ ನನ್ನದು.

ತಮ್ಮ ಈಗ ಹಗಲು ಪಾಳಿಯಲ್ಲಿದ್ದಾನೆ. ಅವನ ಸಾವುಕಾರರು ಒಪ್ಪಿದರು, ಅದಕ್ಕೆ ವೈದ್ಯರ ಒಂದು ಚೀಟಿ ಸಾಕಾಯಿತು. ರಾತ್ರಿ ಹತ್ತಕ್ಕೆ ಮಲಗುತ್ತಾನೆ. ಅವ್ವ ಹನ್ನೊಂದಕ್ಕೆ ಎದ್ದು ಅವನ ಉಸಿರು ಕೇಳಿ ಬಂದು ಮಲಗುತ್ತಾಳೆ. ಮುಂದಿನ ಮಂಗಳವಾರ ಅವನ ರಕ್ತ ಪರೀಕ್ಷೆ ಇದೆ. ನಾನು ಅರ್ಧ ದಿನ ರಜೆ ಹಾಕಿದ್ದೇನೆ. ತಾವು ಯಾರಾದರೂ ಆ ದಿನ ಕ್ಲಿನಿಕ್ ಕಡೆ ಬಂದರೆ, ಸಾಲಿನಲ್ಲಿ ಕುಳಿತ ನಾವೆಲ್ಲ ಸಿಗುತ್ತೇವೆ.

ಇಂತಿ,
ಒಬ್ಬ ಅಕ್ಕ
ಬನಹಟ್ಟಿ, ಬಾಗಲಕೋಟೆ ಜಿಲ್ಲೆ